ಪಿಡುಗಿನ ಕಾಲದ ಪತ್ರಕರ್ತೆ

1897ರ ಮೇ ತಿಂಗಳಲ್ಲಿ ಮುಂಬಯಿಯ ‘ಬಾಂಬೆ ಗಾರ್ಡಿಯನ್’ ಪತ್ರಿಕೆಯಲ್ಲಿ ಒಂದು ಪತ್ರ ಪ್ರಕಟವಾಯಿತು. ಪುಣೆಯ ಪ್ಲೇಗು ಆಸ್ಪತ್ರೆಯಲ್ಲಿ ಮತ್ತು ಊರ ಹೊರಗಿನ ಪ್ರತ್ಯೇಕ ವಾಸದ ಶಿಬಿರಗಳಲ್ಲಿ ಹೆಣ್ಣುಮಕ್ಕಳ ಗತಿ ಏನಾಗಿದೆ ಎಂಬುದನ್ನು ಅದು ಹೇಳಿತ್ತು. ಅಲ್ಲಿಗೆ ಒಯ್ದ ಪ್ರಾಯದ ಹೆಣ್ಣುಮಕ್ಕಳ ಮಾನಕ್ಕೆ ಕಾವಲಿಲ್ಲ, ತನ್ನ ಆಶ್ರಯದಲ್ಲಿದ್ದ ಹುಡುಗಿಗೂ ಅಲ್ಲಿ ರಕ್ಷಣೆ ದೊರೆಯಲಿಲ್ಲ ಎಂಬುದು ಪತ್ರದ ತಿರುಳು. ಬರೆದವರಿಗೆ ಆಗ 39 ವರ್ಷ. ವಿಧವೆ. ಯಾವ ಪತ್ರಿಕೆಯ ಸಿಬ್ಬಂದಿಯೂ ಅಲ್ಲ, ಯಾವ ಅಧಿಕಾರದ ಬಲವೂ ಅವರಿಗಿರಲಿಲ್ಲ. ಹೆಸರು ಪಂಡಿತಾ ರಮಾಬಾಯಿ.

ಪತ್ರದ ಸುದ್ದಿ ಸಮುದ್ರ ದಾಟಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಶ್ನೆಯಾಯಿತು. ಮುಂಬಯಿಯ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಉತ್ತರ ಕೊಟ್ಟರು. ರಮಾಬಾಯಿಯ ಹೇಳಿಕೆ ತೀರ ತಪ್ಪು, ಜನರನ್ನು ದಾರಿ ತಪ್ಪಿಸುವಂಥದು ಎಂಬುದೇ ಆ ಉತ್ತರ. ದೂರಿಗೆ ಒಳಗಾದ ಆಡಳಿತವೇ ವಿಚಾರಣೆ ನಡೆಸಿ ದೂರು ಸುಳ್ಳೆಂದು ತೀರ್ಮಾನಿಸಿದ್ದರಿಂದ ಪ್ರಕರಣ ಅಲ್ಲಿಗೆ ಮುಗಿಯಿತು.

ಪಿಡುಗಿನ ಕಾಲದಲ್ಲಿ ಹೆಣ್ಣೊಬ್ಬಳು ಯಾವ ಸಂಸ್ಥೆಯ ಆಸರೆಯೂ ಇಲ್ಲದೆ ಕಂಡದ್ದನ್ನು ಬರೆದರೆ ಏನಾಗುತ್ತದೆ ಎಂಬುದಕ್ಕೆ ಈ ನಾಡಿನಲ್ಲಿ ಸಿಗುವ ಹಳೆಯ ನಿದರ್ಶನಗಳಲ್ಲಿ ಇದೊಂದು. 2020ರಲ್ಲಿ ಕೋವಿಡ್ ಬಂದಾಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ತಾಲ್ಲೂಕು ಊರುಗಳಿಂದ ಬಿಡಿ ಬಿಡಿಯಾಗಿ ಬರೆಯುವ ಹೆಣ್ಣುಮಕ್ಕಳ ಮುಂದೆ ನಿಂತ ಪ್ರಶ್ನೆಗಳು ಬೇರೆ ವೇಷದಲ್ಲಿದ್ದವು, ಅಷ್ಟೆ. ಎರಡೂ ಕಾಲಕ್ಕೆ ಗಂಟು ಹಾಕುವ ವಸ್ತುವೊಂದಿದೆ. ಅದು ಒಂದು ಪುಟ್ಟ ಕಾನೂನು.

ನಾಲ್ಕು ಊರು, ಒಂದು ಕಾನೂನು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ಪತ್ತೆಯಾಯಿತು. ಜನ ಊರು ಬಿಟ್ಟು ಓಡತೊಡಗಿದರು, ರೋಗವೂ ಅವರ ಜೊತೆ ರೈಲು ಹತ್ತಿತು. 1897ರ ಫೆಬ್ರುವರಿ 4ರಂದು ಸರ್ಕಾರ ‘ಸಾಂಕ್ರಾಮಿಕ ರೋಗಗಳ ಕಾಯ್ದೆ’ಯನ್ನು ಜಾರಿಗೆ ತಂದಿತು. ಅದರಲ್ಲಿ ಇದ್ದದ್ದು ನಾಲ್ಕೇ ಕಲಮುಗಳು. ರೋಗ ತಡೆಯಲು ಬೇಕೆನಿಸಿದ ನಿಯಮವನ್ನು ಸರ್ಕಾರ ಮಾಡಬಹುದು, ಪ್ರಯಾಣಿಕರನ್ನು ತಡೆದು ಪರೀಕ್ಷಿಸಬಹುದು, ಸಂಶಯವಿದ್ದವರನ್ನು ಬೇರೆ ಇಡಬಹುದು. ನಿಯಮ ಮೀರಿದವರಿಗೆ ದಂಡಸಂಹಿತೆಯ 188ನೆಯ ಕಲಮಿನಂತೆ ಶಿಕ್ಷೆ. ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಕಾನೂನು ಇಷ್ಟೇ.

ಈಗ ಬೆಳಗಾವಿ ಜಿಲ್ಲೆಯಲ್ಲಿರುವ ಈ ಊರುಗಳು ಆಗ ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾವ ತಾಲ್ಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲ್ಲೂಕಿನ ಕೇಂದ್ರವಾಗಿತ್ತು. ಇವು ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಪುಣೆಗೆ ಅನ್ವಯಿಸಿದ ಕಾಯ್ದೆಯೇ ಇಲ್ಲಿಗೂ ಅನ್ವಯಿಸಿತು. ರಾಮದುರ್ಗ ಒಂದು ಸಣ್ಣ ಸಂಸ್ಥಾನ. 1948ರಲ್ಲಿ ವಿಲೀನವಾಗುವವರೆಗೆ ಅದಕ್ಕೆ ತನ್ನದೇ ಅರಸೊತ್ತಿಗೆ ಇತ್ತು. ಆದರೆ ರೋಗಕ್ಕೆ ಸಂಸ್ಥಾನದ ಗಡಿ ಗೊತ್ತಿರುವುದಿಲ್ಲ. ಸದರ್ನ್ ಮರಾಠಾ ರೈಲು ಹಾದು ಹೋಗುವ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಒಂದೆರಡು ವರ್ಷದೊಳಗೇ ಪ್ಲೇಗು ಬಂದಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಅವರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಹಳ್ಳಿಗಳಲ್ಲಿ ಇಲಿ ಬಿತ್ತೆಂದರೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹೂಡುತ್ತಿದ್ದರು. ಹಾಗೆ ಹೊಲದಲ್ಲಿ ಹೆತ್ತ, ಹೊಲದಲ್ಲೇ ಮಣ್ಣಾದ ಹೆಂಗಸರ ನೆನಪು ಉತ್ತರ ಕರ್ನಾಟಕದ ಅಜ್ಜಿಯರ ಮಾತಿನಲ್ಲಿ ಬಹುಕಾಲ ಉಳಿದಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ಲೇಗಿನ ಗಂಟು ಏಳುವುದು ಕಂಕುಳಲ್ಲಿ, ತೊಡೆಯ ಸಂದಿನಲ್ಲಿ. ರೋಗ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಮೈ ಮುಟ್ಟಿ ನೋಡಬೇಕು. ರೈಲು ನಿಲ್ದಾಣದಲ್ಲಿ, ಬೀದಿಯಲ್ಲಿ, ಮನೆಯ ಒಳಕೋಣೆಯಲ್ಲಿ ಪರಕೀಯ ಗಂಡಸರು ಈ ಪರೀಕ್ಷೆಗೆ ಇಳಿದಾಗ ಹೆಂಗಸರಿಗೆ ಆದ ಅವಮಾನ ಎಂಥದೆಂದು ಊಹಿಸಬಹುದು. ಪುಣೆಯಲ್ಲಿ ಪ್ಲೇಗು ಸಮಿತಿಯ ಮುಖ್ಯಸ್ಥ ಡಬ್ಲ್ಯು.ಸಿ. ರ‍್ಯಾಂಡ್ ಮನೆ ಶೋಧನೆಗೆ ಗೋರಾ ಸೈನಿಕರನ್ನೇ ಬಳಸಿದರು. ಅಡುಗೆಮನೆ, ದೇವರಕೋಣೆ ಎಂಬ ಭೇದ ಉಳಿಯಲಿಲ್ಲ.

ಈ ಅವಮಾನಕ್ಕೆ ಸಾಕ್ಷಿ ಹೇಳಬಲ್ಲವರು ಹೆಂಗಸರೇ. ಗಂಡಸು ಪತ್ರಕರ್ತರಿಗೆ ಹೆಂಗಸರ ವಾರ್ಡಿನೊಳಕ್ಕೆ ಪ್ರವೇಶವಿಲ್ಲ, ಮನೆಯ ಹೆಂಗಸರು ಅವರ ಮುಂದೆ ಬಾಯಿ ಬಿಡುವಂತೆಯೂ ಇಲ್ಲ. ನೋಡಿದ ಹೆಂಗಸರಿಗೆ ಅಕ್ಷರವಿಲ್ಲ, ಅಕ್ಷರವಿದ್ದವರಿಗೆ ಪತ್ರಿಕೆಯಿಲ್ಲ. ನೋಡುವ ಅವಕಾಶವೂ ಬರೆಯುವ ಬಲವೂ ಒಂದೇ ಕಡೆ ಸೇರಿದ ಅಪರೂಪದ ವ್ಯಕ್ತಿ ರಮಾಬಾಯಿ. ಅವರ ಪತ್ರಕ್ಕೆ ಬೆಲೆ ಬಂದದ್ದು ಇದರಿಂದ. ಅದನ್ನು ಸುಳ್ಳೆನ್ನುವ ಅಗತ್ಯ ಆಡಳಿತಕ್ಕೆ ಬಿದ್ದದ್ದೂ ಇದರಿಂದಲೇ.

ಲೇಖನಿಯ ಮೇಲೆ ಬದುಕಿದವರು

ರಮಾಬಾಯಿ ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ತಾಲ್ಲೂಕಿನ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಕಟ್ಟಿಕೊಂಡು, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ತೀರಿಕೊಂಡರು. ಅಣ್ಣನೊಂದಿಗೆ ದೇಶ ಸುತ್ತಿ ಪುರಾಣ ಹೇಳುತ್ತ ಕಲ್ಕತ್ತೆ ಸೇರಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಮದುವೆಯಾದ ಎರಡೇ ವರ್ಷದೊಳಗೆ, 1882ರಲ್ಲಿ, ಪತಿ ಬಿಪಿನ್ ಬಿಹಾರಿ ಮೇಧಾವಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಹಸುಗೂಸು.

ಬರ ಮತ್ತು ಪಿಡುಗು ಹೀಗೆ ಅವರ ಮನೆಯೊಳಕ್ಕೇ ಬಂದಿದ್ದವು. ಆಮೇಲೆ ಅವರಿಗೆ ಆಸರೆಯಾದದ್ದು ಲೇಖನಿ. 1882ರಲ್ಲಿ ಪ್ರಕಟವಾದ ‘ಸ್ತ್ರೀಧರ್ಮನೀತಿ’ಯ ಮಾರಾಟದ ಹಣ ಇಂಗ್ಲೆಂಡಿನ ಪ್ರಯಾಣಕ್ಕೆ ಒದಗಿತು. 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಸಾವಿರಾರು ಪ್ರತಿ ಖರ್ಚಾಗಿ, ವಿಧವೆಯರಿಗಾಗಿ ತೆರೆಯಲಿದ್ದ ಶಾಲೆಗೆ ಮೂಲಧನವಾಯಿತು. 1889ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು. 1889ರಲ್ಲೇ ತಮ್ಮ ಅಮೆರಿಕ ಪ್ರವಾಸದ ಅನುಭವವನ್ನು ಮರಾಠಿಯಲ್ಲಿ ಪುಸ್ತಕವಾಗಿ ಹೊರತಂದಿದ್ದರು. ನೋಡಿ, ಕೇಳಿ, ಲೆಕ್ಕ ಹಾಕಿ ಬರೆಯುವ ವರದಿಗಾರಿಕೆಯ ಗುಣ ಆ ಪುಸ್ತಕದಲ್ಲಿ ಢಾಳವಾಗಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಸ್ವತಂತ್ರ ಪತ್ರಕರ್ತೆ.

ಸ್ವತಂತ್ರರಾಗಿದ್ದುದರ ಬೆಲೆಯನ್ನು ಅವರು ಎರಡು ಕಡೆಯಿಂದ ತೆತ್ತರು. 1883ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದ್ದರಿಂದ ಪುಣೆಯ ಪ್ರಬಲ ಪತ್ರಿಕೆಗಳಿಗೆ ಅವರ ಮೇಲೆ ಮೊದಲೇ ಮುನಿಸಿತ್ತು. ಪ್ಲೇಗಿನ ಪತ್ರ ಬರೆದಾಗ ಸರ್ಕಾರವೂ ಎದುರಾಯಿತು. ಒಂದು ಕಡೆಗೆ ವಾಲಿಕೊಂಡಿದ್ದರೆ ಇನ್ನೊಂದು ಕಡೆಯ ಏಟನ್ನು ತಡೆದುಕೊಳ್ಳಬಹುದಿತ್ತು. ಎರಡೂ ಕಡೆಗೆ ಸೇರದವರ ಮಾತಿಗೆ ಜಾಮೀನು ನಿಲ್ಲುವವರು ಯಾರು?

ಆ ವರ್ಷದ ಉಳಿದ ಘಟನೆಗಳು ಎಲ್ಲರಿಗೂ ತಿಳಿದಿವೆ. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡಿಕ್ಕಿದರು. ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆ ನಡೆದು 18 ತಿಂಗಳ ಶಿಕ್ಷೆಯಾಯಿತು. ಆಗ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆ, ಊರಿನಿಂದ ಬಂದ ಪತ್ರಗಳನ್ನು ನಂಬಿ, ಸೈನಿಕರು ಸ್ತ್ರೀಯರ ಮೇಲೆ ನಡೆಸಿದ ಅತ್ಯಾಚಾರದ ಬಗ್ಗೆ ಅಲ್ಲಿನ ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದರು. ಮರಳಿ ಬಂದಾಗ ಸಾಕ್ಷಿ ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಪತ್ರ ಬರೆದವರ ಹೆಸರನ್ನು ಬಯಲು ಮಾಡಲಾರದೆ ಗೋಖಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅವಮಾನಕ್ಕೊಳಗಾದ ಹೆಣ್ಣು ಕೋರ್ಟಿಗೆ ಬಂದು ಹೆಸರು ಹೇಳಿದರೆ ಮಾತ್ರ ಅದು ಸತ್ಯ ಎನ್ನುವ ವ್ಯವಸ್ಥೆಯಲ್ಲಿ ಸತ್ಯ ಹೊರಬರುವ ದಾರಿ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಇಷ್ಟರ ನಡುವೆ ತನ್ನ ಹೆಸರನ್ನೇ ಹಾಕಿ ಬರೆದ ರಮಾಬಾಯಿಯ ಧೈರ್ಯ ಎದ್ದು ಕಾಣುತ್ತದೆ.

ಅವರು ಸುಮ್ಮನಾಗಲೂ ಇಲ್ಲ. ಮಧ್ಯ ಭಾರತದ ಬರಗಾಲದಿಂದ ಕರೆತಂದ ಹುಡುಗಿಯರನ್ನು ಪುಣೆಯಲ್ಲಿಡಲು ಪ್ಲೇಗಿನ ನಿಯಮ ಅಡ್ಡ ಬಂದಾಗ, ಕೇಡಗಾವದ ತಮ್ಮ ಹೊಲಕ್ಕೆ ಅವರನ್ನು ಸಾಗಿಸಿದರು. ‘ಮುಕ್ತಿ’ ಸಂಸ್ಥೆ ಬೆಳೆದದ್ದು ಹೀಗೆ. 1922ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಅವರು ಬರೆಯುತ್ತಲೇ ಇದ್ದರು.

ಪತ್ರಿಕೆಯಿಲ್ಲದಿದ್ದರೆ ತಾವೇ ಪತ್ರಿಕೆ

ಕನ್ನಡದಲ್ಲಿ ಹೆಣ್ಣುಮಕ್ಕಳ ಪತ್ರಿಕಾ ವೃತ್ತಿ ಶುರುವಾದ ಬಗೆಯೂ ಗಮನಾರ್ಹ. ಧಾರವಾಡದ ವಿದ್ಯಾವರ್ಧಕ ಸಂಘ 1896ರಲ್ಲಿ ‘ವಾಗ್ಭೂಷಣ’ವನ್ನು ಹೊರಡಿಸಿದಾಗ ಈ ಸೀಮೆಗೆ ಒಂದು ಕನ್ನಡ ವೇದಿಕೆ ದೊರಕಿತು. ಆದರೆ ಆ ಕಾಲದ ಪತ್ರಿಕೆಗಳ ಕಚೇರಿಯಲ್ಲಿ ಹೆಂಗಸಿಗೆ ಕುರ್ಚಿ ಇರಲಿಲ್ಲ. ಬರೆಯಬೇಕೆಂದವರು ತಾವೇ ಪತ್ರಿಕೆ ಹೂಡಬೇಕಾಯಿತು.

ನಂಜನಗೂಡು ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿ, ಹತ್ತರ ಪ್ರಾಯದಲ್ಲಿ ಮದುವೆಯಾಗಿ, ಹದಿನಾಲ್ಕರಲ್ಲಿ ವಿಧವೆಯಾದರು. ತಂದೆಯ ಬೆಂಬಲದಿಂದ ಮನೆಯಲ್ಲೇ ಓದಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿದರು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನು ನಡೆಸಿದರು. ಬರೆಯುವುದು, ತಿದ್ದುವುದು, ಚಂದಾದಾರರಿಗೆ ಕಳಿಸುವುದು ಎಲ್ಲ ಅವರ ತಲೆಯ ಮೇಲೇ. ಬೆಂಗಳೂರಿನ ಆರ್. ಕಲ್ಯಾಣಮ್ಮ ‘ಸರಸ್ವತಿ’ ಮಾಸಪತ್ರಿಕೆಯನ್ನು ದಶಕಗಳ ಕಾಲ ನಿಲ್ಲದಂತೆ ನೋಡಿಕೊಂಡರು. ಹೆಸರಿನಲ್ಲೇ ಬೆಳಗಾವಿಯನ್ನು ಹೊತ್ತ ಶ್ಯಾಮಲಾದೇವಿ ಬೆಳಗಾಂವಕರ ಧಾರವಾಡದ ‘ಜಯಕರ್ನಾಟಕ’ದ ಕೆಲಸದಲ್ಲಿ ತೊಡಗಿ ಸ್ತ್ರೀಯರ ಬರಹಕ್ಕೆ ಅಲ್ಲಿ ಎಡೆ ಮಾಡಿಕೊಟ್ಟರು. ಅವರು 1943ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ತಿರುಮಲಾಂಬಾ ಅವರೋ ಲೇಖನಿ ಕೆಳಗಿಟ್ಟ ಮೇಲೆ ದಶಕಗಟ್ಟಲೆ ಅಜ್ಞಾತರಾಗಿ ಮದರಾಸಿನಲ್ಲಿದ್ದು, 1982ರಲ್ಲಿ ಕಣ್ಮುಚ್ಚುವ ಕೆಲವೇ ವರ್ಷ ಮೊದಲು ಕನ್ನಡಿಗರಿಗೆ ಮತ್ತೆ ಪರಿಚಿತರಾದರು.

ತಿರುಮಲಾಂಬಾ ಬರೆಯುತ್ತಿದ್ದ ದಿನಗಳಲ್ಲೇ 1918ರ ಇನ್‌ಫ್ಲುಯೆಂಜಾ ಬಂದಿತು. ಭಾರತದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಮುಂಬಯಿ ಪ್ರಾಂತದಲ್ಲಿ ಆ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಬಹಳ ಕೆಟ್ಟ ತಿಂಗಳುಗಳಾಗಿದ್ದವು. ಗಂಡಸರಿಗಿಂತ ಹೆಂಗಸರು, ಅದರಲ್ಲೂ ತುಂಬು ಪ್ರಾಯದವರು, ಹೆಚ್ಚು ಸತ್ತರೆಂದು ಅಂದಿನ ಆರೋಗ್ಯ ವರದಿಗಳು ಹೇಳುತ್ತವೆ. ಮಲಗಿದವರ ಆರೈಕೆ ಮಾಡುತ್ತಿದ್ದವರು ಹೆಂಗಸರು. ತಾವೇ ಮಲಗಿದಾಗ ನೀರು ಕೊಡುವವರಿರಲಿಲ್ಲ. ಅಂಕಿಗಳನ್ನು ಅಧಿಕಾರಿಗಳು ಬರೆದಿಟ್ಟರು. ಆ ಹೆಂಗಸರ ಮಾತನ್ನು ಬರೆದುಕೊಂಡವರು ಬಲು ಕಡಿಮೆ.

ಇದು ಈ ಸೀಮೆಗೆ ಹೊಸ ಅನುಭವವೇನಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಸತ್ತುಬಿದ್ದ ಮೇಲೆ ಕುಂಪನಿ ಸರ್ಕಾರದ ದಫ್ತರಗಳಲ್ಲಿ ರಾಶಿ ರಾಶಿ ಕಾಗದ ತುಂಬಿತು. ಅವು ಎದುರಾಳಿಯ ಕಾಗದಗಳು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಪಕ್ಷವನ್ನು ಹಿಡಿದು ಹೇಳಿದವರು ಲಾವಣಿಕಾರರು, ಗೀಗೀ ಮೇಳದವರು, ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು. ಆ ಹಾಡು ಇಲ್ಲದೆ ಹೋಗಿದ್ದರೆ ಸರ್ಕಾರಿ ಕಾಗದವೇ ಕಿತ್ತೂರಿನ ಕತೆಯಾಗಿ ಉಳಿಯುತ್ತಿತ್ತು.

‘ಹವ್ಯಾಸಿ’ ಎಂಬ ಹೆಸರು

2020ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕೋವಿಡ್ ನಿಯಮಾವಳಿಯನ್ನು ಹೊರಡಿಸಿತು. ಅದಕ್ಕೆ ಆಧಾರ 1897ರ ಅದೇ ಕಾಯ್ದೆ. ರೋಗದ ಬಗ್ಗೆ ತಪ್ಪು ಮಾಹಿತಿಯನ್ನು ಮುದ್ರಣ, ವಿದ್ಯುನ್ಮಾನ ಅಥವಾ ಸಾಮಾಜಿಕ ಮಾಧ್ಯಮದಲ್ಲಿ ಹಬ್ಬಿಸಬಾರದು ಎಂಬ ಮಾತೂ ಅದರಲ್ಲಿ ಸೇರಿತ್ತು. ಮಾರ್ಚ್ 31ರಂದು ಸುಪ್ರೀಂ ಕೋರ್ಟು ಬೆಳವಣಿಗೆಗಳ ಅಧಿಕೃತ ವಿವರಣೆಯನ್ನು ಗಮನಿಸಿ ಪ್ರಕಟಿಸುವಂತೆ ಮಾಧ್ಯಮಗಳಿಗೆ ಸೂಚಿಸಿತು. ವದಂತಿಗಳು ಪ್ರಾಣ ತೆಗೆಯಬಲ್ಲವು, ಆದ್ದರಿಂದ ಈ ಎಚ್ಚರಿಕೆಗೆ ಕಾರಣವಿತ್ತು. ಆದರೆ ಯಾವುದು ತಪ್ಪು ಮಾಹಿತಿ, ಯಾವುದು ಅಧಿಕಾರಿಗೆ ಹಿಡಿಸದ ಮಾಹಿತಿ ಎಂದು ಬೇರ್ಪಡಿಸುವುದು ಹೇಗೆ? ದೊಡ್ಡ ಪತ್ರಿಕೆಗೆ ವಕೀಲರಿರುತ್ತಾರೆ. ತಾಲ್ಲೂಕಿನಿಂದ ಬರೆಯುವ ಬಿಡಿ ಬರಹಗಾರ್ತಿಗೆ ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಇಂಥವರಿಗೆ ಬಹುಕಾಲದಿಂದ ಇರುವ ಹೆಸರು ‘ಹವ್ಯಾಸಿ ಪತ್ರಕರ್ತೆ’. ಹೆಸರಿನಲ್ಲೇ ಒಂದು ತೀರ್ಪು ಅಡಗಿದೆ. ಹವ್ಯಾಸವೆಂದರೆ ಬಿಡುವಿನ ವೇಳೆಯ ಖುಷಿ. ಹವ್ಯಾಸಕ್ಕೆ ಸಂಬಳ ಕೇಳುವವರುಂಟೆ, ರಜೆ ಕೇಳುವವರುಂಟೆ, ವಿಮೆ ಕೇಳುವವರುಂಟೆ! ಲೇಖನ ಅಚ್ಚಾದರೆ ಸಂಭಾವನೆ, ಅಚ್ಚಾಗದಿದ್ದರೆ ಓಡಾಟದ ಖರ್ಚು ಕೈಯಿಂದಲೇ. ಅದೇ ದುಡಿಮೆಯಿಂದ ಮನೆಯ ಒಲೆ ಉರಿಯುತ್ತಿದ್ದರೂ ಹೆಸರು ಹವ್ಯಾಸವೇ.

ತಾಲ್ಲೂಕು ಮಟ್ಟದ ಪತ್ರಿಕೋದ್ಯಮ ನಡೆಯುವ ರೀತಿಯನ್ನು ನೋಡಿದರೆ ಹೆಂಗಸರು ಅಲ್ಲಿ ಏಕೆ ಕಡಿಮೆ ಎಂಬುದು ತಿಳಿಯುತ್ತದೆ. ಸಣ್ಣ ಊರುಗಳಲ್ಲಿ ಪತ್ರಿಕೆಯ ಏಜೆಂಟರೇ ವರದಿಗಾರರೂ ಆಗಿರುವುದು ಹಳೆಯ ರೂಢಿ. ನಸುಕಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಕಟ್ಟು ಇಳಿಸಿಕೊಳ್ಳಬೇಕು, ಹುಡುಗರನ್ನು ಹಚ್ಚಿ ಮನೆಮನೆಗೆ ಹಂಚಿಸಬೇಕು, ಬಾಕಿ ವಸೂಲು ಮಾಡಬೇಕು, ಹಬ್ಬಕ್ಕೆ ಜಾಹೀರಾತು ಹಿಡಿಯಬೇಕು. ಇದರ ನಡುವೆ ಸುದ್ದಿ. ಈ ವ್ಯವಹಾರ ಗಂಡಸರ ಕೈಯಲ್ಲಿ ಇರುವುದರಿಂದ ವರದಿಗಾರನ ಗುರುತಿನ ಚೀಟಿಯೂ ಅವರ ಜೇಬಿನಲ್ಲೇ. ಹೆಣ್ಣುಮಕ್ಕಳಿಗೆ ಉಳಿಯುವುದು ಭಾನುವಾರದ ಪುರವಣಿ, ಮಹಿಳಾ ಪುಟ, ಹಬ್ಬದ ವಿಶೇಷಾಂಕ, ಆಕಾಶವಾಣಿಯ ಭಾಷಣ.

ಕೋವಿಡ್ ಮೊದಲು ಪೆಟ್ಟು ಕೊಟ್ಟದ್ದು ಈ ಜಾಗಕ್ಕೇ. ಜಾಹೀರಾತು ಬತ್ತಿದಾಗ ಪತ್ರಿಕೆಗಳು ಪುಟ ಕಡಿತಗೊಳಿಸಿದವು, ಪುರವಣಿಗಳು ಸೊರಗಿದವು. ಕಾಗದದಿಂದ ರೋಗ ಬರುತ್ತದೆಂಬ ಹೆದರಿಕೆಯಿಂದ ಎಷ್ಟೋ ಮನೆಗಳು ಪತ್ರಿಕೆಯನ್ನೇ ನಿಲ್ಲಿಸಿದವು. ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟ 2020ರ ಏಪ್ರಿಲ್‌ನಲ್ಲಿ 77 ದೇಶಗಳ ಸುಮಾರು 1,300 ಪತ್ರಕರ್ತರನ್ನು ವಿಚಾರಿಸಿದಾಗ, ಸ್ವತಂತ್ರವಾಗಿ ದುಡಿಯುವವರಲ್ಲಿ ಬಹುತೇಕ ಎಲ್ಲರೂ ಆದಾಯವನ್ನೋ ಕೆಲಸವನ್ನೋ ಕಳೆದುಕೊಂಡಿದ್ದರು.

ಎರಡನೆಯದು ಓಡಾಟದ ತೊಡಕು. ಲಾಕ್‌ಡೌನಿನ ಆದೇಶದಲ್ಲಿ ಮಾಧ್ಯಮಗಳಿಗೆ ವಿನಾಯಿತಿ ಇತ್ತು. ಆದರೆ ನಾಕಾಬಂದಿಯಲ್ಲಿ ನಿಂತ ಪೊಲೀಸರಿಗೆ ತೋರಿಸಲು ಪತ್ರಿಕೆಯ ಗುರುತಿನ ಚೀಟಿ ಬೇಕು. ಹವ್ಯಾಸಿಯ ಕೈಯಲ್ಲಿ ಇರುವುದು ಹಳೆಯ ಲೇಖನದ ಕತ್ತರಿಕೆ. ಆಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಯಾವುದಕ್ಕೂ ರೈಲಿನ ಸಂಪರ್ಕವಿರಲಿಲ್ಲ. ಬಸ್ಸೇ ಗತಿ. ಮಾರ್ಚ್ ಕೊನೆಯಲ್ಲಿ ನಿಂತ ಸಾರಿಗೆ ಸಂಸ್ಥೆಯ ಬಸ್ಸುಗಳು ಮತ್ತೆ ಓಡಿದ್ದು ಮೇ 19ರಿಂದ. ಬೈಕು ಓಡಿಸುವ ವರದಿಗಾರ ಹೇಗೋ ಹಳ್ಳಿ ಮುಟ್ಟಬಹುದು. ಬಸ್ಸನ್ನೇ ನಂಬಿದ ಹೆಂಗಸು ಎಂಟು ವಾರ ಮನೆಯಲ್ಲಿ ಕೂತಳೆಂದರೆ ಎಂಟು ವಾರದ ಸುದ್ದಿ ಹೋಯಿತು, ಸಂಭಾವನೆಯೂ ಹೋಯಿತು.

ಮೂರನೆಯದು ಮನೆ. ಗಂಡನೂ ಮಕ್ಕಳೂ ಇಡೀ ದಿನ ಮನೆಯಲ್ಲಿದ್ದಾಗ ಒಲೆಯ ಕೆಲಸ ಎರಡು ಪಟ್ಟಾಗುತ್ತದೆ. ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದ ಮೇಲೆ, ಒಂದೇ ಫೋನು ಇದ್ದ ಮನೆಗಳಲ್ಲಿ ಅದು ಮಕ್ಕಳ ಪಾಲಾಯಿತು. ಫೋನಿನಲ್ಲೇ ಮಾತಾಡಿಸಿ, ಫೋನಿನಲ್ಲೇ ಬರೆದು ಕಳಿಸಬೇಕಾದ ಕಾಲದಲ್ಲಿ ಫೋನು ಕೈಗೆ ಸಿಗುತ್ತಿದ್ದುದು ಎಲ್ಲರೂ ಮಲಗಿದ ಮೇಲೆ.

ಬರೆಯಬೇಕಾಗಿದ್ದ ಸುದ್ದಿ

ಇಷ್ಟಾಗಿ ಈ ಸೀಮೆಯಲ್ಲಿ ಬರೆಯಬೇಕಾದ ಸುದ್ದಿಗೆ ಬರವಿರಲಿಲ್ಲ. 2019ರ ಆಗಸ್ಟಿನ ಮಲಪ್ರಭೆಯ ಪ್ರವಾಹದಲ್ಲಿ ಮನೆ ಕಳೆದುಕೊಂಡ ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಜನ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅಷ್ಟರಲ್ಲೇ ಕೋವಿಡ್ ಬಂತು. ರಾಮದುರ್ಗ ಮತ್ತು ಸುರೇಬಾನದ ಕಡೆ ನೇಕಾರರ ಮಗ್ಗಗಳು ನಿಂತವು. 2020ರ ಮೇ 6ರಂದು ಸರ್ಕಾರ ಪ್ರಕಟಿಸಿದ 1,610 ಕೋಟಿ ರೂಪಾಯಿಯ ನೆರವಿನಲ್ಲಿ ಕೈಮಗ್ಗದ ನೇಕಾರರಿಗೆ ತಲಾ 2,000 ರೂಪಾಯಿಯ ಯೋಜನೆ ಇತ್ತು. ಆದರೆ ಮಗ್ಗದ ಹಿಂದೆ ಕುಳಿತು ನೂಲು ಸುತ್ತುವ, ಕಂಡಿಕೆ ತುಂಬುವ ಹೆಂಗಸರನ್ನು ನೇಕಾರರೆಂದು ಎಣಿಸುವವರಾರು? ಎಲ್ಲಮ್ಮನಗುಡ್ಡದಲ್ಲಿ ದೇವಸ್ಥಾನದ ಬಾಗಿಲು ತಿಂಗಳುಗಟ್ಟಲೆ ಭಕ್ತರಿಗೆ ಮುಚ್ಚಿತ್ತು. ಹುಣ್ಣಿಮೆಯ ಜಾತ್ರೆಯನ್ನೇ ನಂಬಿ ಬಳೆ, ಭಂಡಾರ, ಕಾಯಿ ಕರ್ಪೂರ ಮಾರುವವರ ಬದುಕು ನಿಂತಿತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು 1982ರಲ್ಲೇ ಬಂದಿದ್ದರೂ, ಆ ಪದ್ಧತಿಯಿಂದ ಹೊರಬಂದ ಮಹಿಳೆಯರ ಬವಣೆ ಮುಗಿದಿರಲಿಲ್ಲ. 2020ರ ಜುಲೈಯಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು 12,000 ರೂಪಾಯಿ ಮಾಸಿಕ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಮನೆಮನೆಗೆ ಹೋಗಿ ಜ್ವರ ಎಣಿಸಿದವರು ಅವರೇ.

ಈ ಕತೆಗಳೆಲ್ಲ ಹೆಂಗಸರ ಕತೆಗಳು. ಪ್ಲೇಗಿನ ಕಾಲದಂತೆಯೇ, ಕೋಣೆಯೊಳಗೆ ಕೂತು ಕೇಳಬೇಕಾದ ಕತೆಗಳು. ಗಂಡ ಊರಿಗೆ ಮರಳಿ ಕುಡಿಯತೊಡಗಿದ್ದನ್ನು, ಹದಿನಾಲ್ಕರ ಮಗಳಿಗೆ ಗುಟ್ಟಾಗಿ ಮದುವೆ ನಿಶ್ಚಯವಾದದ್ದನ್ನು, ಹೆರಿಗೆಗೆ ವಾಹನ ಸಿಗದ್ದನ್ನು ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಹೇಳಿಕೊಳ್ಳುತ್ತಾಳೆ. ಕೇಳುವವಳು ಅಲ್ಲಿಗೆ ಹೋಗಲಾರದ ವರ್ಷ ಅವು ಹೇಳದೆಯೇ ಉಳಿದವು.

2020ರ ಸೆಪ್ಟೆಂಬರ್ 23ರಂದು ಬೆಳಗಾವಿಯ ಸಂಸದರೂ ಕೇಂದ್ರ ಸಚಿವರೂ ಆಗಿದ್ದ ಸುರೇಶ ಅಂಗಡಿ ಕೋವಿಡ್‌ನಿಂದ ತೀರಿಕೊಂಡರು. ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದ ಹೊತ್ತಿನಲ್ಲಿ, ಉಪಚುನಾವಣೆ ನಡೆಯಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಆ ಕ್ಷೇತ್ರದೊಳಗಿದ್ದವು. ಪ್ರಚಾರ ಸಭೆಗಳ ವರದಿ ಪತ್ರಿಕೆಗಳಲ್ಲಿ ತುಂಬಿ ಬಂದಿತು. ಹತ್ತೇ ದಿನಗಳಲ್ಲಿ, ಏಪ್ರಿಲ್ 27ರ ರಾತ್ರಿಯಿಂದ, ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡಿತು.

ಹೊರಗಿನ ಜಗತ್ತು

ಇದು ಬೆಳಗಾವಿ ಜಿಲ್ಲೆಗಷ್ಟೇ ಸೀಮಿತವಾದ ಸಂಕಟವಲ್ಲ. ಶಾಂಘೈಯ ಮಾಜಿ ವಕೀಲೆ ಝಾಂಗ್ ಝಾನ್ 2020ರ ಫೆಬ್ರುವರಿಯಲ್ಲಿ ಒಬ್ಬಳೇ ವುಹಾನ್‌ಗೆ ಹೋಗಿ ಆಸ್ಪತ್ರೆ, ನಿಲ್ದಾಣ, ಚಿತಾಗಾರಗಳ ಸುತ್ತ ಕಂಡದ್ದನ್ನು ಚಿತ್ರಿಸಿ ಜಗತ್ತಿಗೆ ತೋರಿಸಿದಳು. ಯಾವ ಪತ್ರಿಕೆಯೂ ಅವಳನ್ನು ಕಳಿಸಿರಲಿಲ್ಲ. ಮೇ ತಿಂಗಳಲ್ಲಿ ಅವಳ ಬಂಧನವಾಯಿತು. ‘ಜಗಳ ಹುಟ್ಟಿಸಿದ’ ಆರೋಪದ ಮೇಲೆ ಡಿಸೆಂಬರ್ 28ರಂದು ನಾಲ್ಕು ವರ್ಷದ ಸೆರೆವಾಸ ವಿಧಿಸಲಾಯಿತು. 2024ರ ಮೇಯಲ್ಲಿ ಬಿಡುಗಡೆಯಾದವಳನ್ನು ಅದೇ ಆಗಸ್ಟಿನಲ್ಲಿ ಮತ್ತೆ ಹಿಡಿದರು. ಪಶ್ಚಿಮದ ದೇಶಗಳಲ್ಲಿ ಏಷ್ಯಾ ಮೂಲದ ಪತ್ರಕರ್ತೆಯರು ಇನ್ನೊಂದು ಬಗೆಯ ಕಷ್ಟ ಕಂಡರು. ರೋಗದ ಸುದ್ದಿ ಮಾಡಲು ಬೀದಿಗಿಳಿದವರನ್ನು ಮುಖ ನೋಡಿಯೇ ರೋಗ ತಂದವರೆಂದು ಹಳಿಯುವ ಜನರಿದ್ದರು. ಯುನೆಸ್ಕೊ ಬೆಂಬಲದಿಂದ 2020ರಲ್ಲಿ ನಡೆದ ಸಮೀಕ್ಷೆಗೆ ಉತ್ತರಿಸಿದ ಪತ್ರಕರ್ತೆಯರಲ್ಲಿ ಶೇಕಡಾ 73ರಷ್ಟು ಮಂದಿ ಅಂತರಜಾಲದಲ್ಲಿ ನಿಂದನೆ, ಬೆದರಿಕೆ ಅನುಭವಿಸಿದ್ದಾಗಿ ಹೇಳಿದರು. ಸಂಸ್ಥೆಯಲ್ಲಿದ್ದವಳು ದೂರನ್ನು ಸಂಪಾದಕರ ಮೇಜಿಗೆ ಒಯ್ಯಬಹುದು. ಹವ್ಯಾಸಿಗೆ ಆ ಮೇಜೂ ಇಲ್ಲ.

2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಪತ್ರಕರ್ತರನ್ನು ಕೋವಿಡ್ ಮುಂಚೂಣಿ ಕಾರ್ಯಕರ್ತರೆಂದು ಸಾರಿತು. ಲಸಿಕೆಯಲ್ಲಿ ಆದ್ಯತೆ ದೊರೆಯಿತು. ಸ್ವಾಗತಾರ್ಹ ನಿರ್ಧಾರ. ಆದರೆ ಪತ್ರಕರ್ತರು ಯಾರು ಎಂಬ ಪಟ್ಟಿ ಸಿದ್ಧವಾಗುವುದು ಮಾನ್ಯತಾ ಪತ್ರ ಮತ್ತು ಸಂಸ್ಥೆಯ ಶಿಫಾರಸಿನ ಆಧಾರದಲ್ಲಿ. ವರ್ಷಕ್ಕೆ ಇಷ್ಟು ಲೇಖನ ಅಚ್ಚಾಗಿದ್ದರೆ ಒಂದು ಗುರುತು, ಪಿಡುಗಿನ ಕಾಲಕ್ಕೆ ಒಂದು ಓಡಾಟದ ಪರವಾನಗಿ, ಸಣ್ಣ ವಿಮೆ, ಬರೆದದ್ದಕ್ಕೆ ವಿಳಂಬವಿಲ್ಲದ ಸಂಭಾವನೆ — ಇಷ್ಟು ಸಿಕ್ಕರೂ ತಾಲ್ಲೂಕಿನ ಬರಹಗಾರ್ತಿಯ ಪರಿಸ್ಥಿತಿ ಬಹಳಷ್ಟು ಸುಧಾರಿಸುತ್ತದೆ. ಇವು ದೊಡ್ಡ ಬೇಡಿಕೆಗಳಲ್ಲ. ಮುಂದಿನ ಪಿಡುಗು ಬರುವ ಮೊದಲೇ ಆಗಬೇಕಾದವು.

1897ರಲ್ಲಿ ಸುಳ್ಳೆಂದು ಪಕ್ಕಕ್ಕೆ ಸರಿಸಿದ ರಮಾಬಾಯಿಯ ಪತ್ರವನ್ನು ಇಂದು ಪ್ಲೇಗಿನ ಚರಿತ್ರೆ ಬರೆಯುವವರು ಬಿಡುವಂತಿಲ್ಲ. ಆಸ್ಪತ್ರೆಯಲ್ಲಿ ಎಷ್ಟು ಜನ ಸತ್ತರು ಎಂಬುದಕ್ಕೆ ಸರ್ಕಾರದ ವರದಿ ಸಾಕು. ಅಲ್ಲಿ ಮಲಗಿದ್ದ ಹೆಣ್ಣುಮಕ್ಕಳಿಗೆ ಏನು ಅನಿಸಿತು ಎಂಬುದಕ್ಕೆ ಆ ಪತ್ರವೇ ಬೇಕು. 2020ರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಗ್ಗೆ ನೂರು ವರ್ಷದ ನಂತರ ಯಾರಾದರೂ ಹುಡುಕಿದರೆ ದಿನದಿನದ ಸೋಂಕಿನ ಅಂಕಿ ಸಿಗುತ್ತದೆ. ಮಗ್ಗದ ಹಿಂದಿನ, ಗುಡ್ಡದ ಕೆಳಗಿನ, ಹೆರಿಗೆ ಕೋಣೆಯ ಮಾತು ಎಷ್ಟು ಸಿಗುತ್ತದೆ ಎಂಬುದು, ಆ ದಿನಗಳಲ್ಲಿ ಎಲ್ಲರೂ ಮಲಗಿದ ಮೇಲೆ ಫೋನು ಹಿಡಿದು ಬರೆಯುತ್ತಿದ್ದ ಕೆಲವೇ ಹೆಣ್ಣುಮಕ್ಕಳು ಉಳಿಸಿಟ್ಟಷ್ಟು.